ಜೋಗಮ್ಮನ ಮೈಮೇಲೆ ಬಂದದ್ದು

"ತೀರ್ಥದಾಗೆ ಏನು ಕಲಸಿದ್ದೀಯಾ, ಮಾವ?" ಕಾಟಮ್ಮ ಕ್ಯಾತಪ್ಪನ ಮಣಿಕಟ್ಟು ಹಿಡಿದಳು.

ಅವನು ಕೈ ಕೊಸರಿಕೊಂಡ. "ನಿಮ್ಮವ್ವನ ಮೈಮೇಲೆ ಅಮ್ಮ ಬರ್ತಾಳೆ. ನನ್ನೇನು ಕೇಳ್ತೀಯಾ?"

ಸಿದ್ದಾಪುರಕ್ಕೆಲ್ಲ ಗೊತ್ತಿದ್ದ ಸಂಗತಿ. ಗುಡಿಯ ಹೊಸಿಲಿಗೆ ಅವ್ವ ಜೋಗಮ್ಮ ಬಾಗಿದರೆ ಸಾಕು, ಮುಖ ಸುಣ್ಣದಂತೆ ಬಿಳಿಚುತ್ತಿತ್ತು. ಬೆವರು ಸುರಿಯುತ್ತಿತ್ತು. ಕೈಕಾಲು ನಡುಗುತ್ತಿದ್ದವು. ಜನ ಅಡ್ಡಬೀಳುತ್ತಿದ್ದರು. ತಮ್ಮ ಕ್ಯಾತಪ್ಪ ಕಾಣಿಕೆಯ ಕೋಳಿ, ಕಾಯಿ ಒಳಗಿಡುತ್ತಿದ್ದ. ಎಲ್ಲರೂ ಹೋದ ಮೇಲೆ, ತಲೆ ಸಿಡಿದು ಹೋಗ್ತೈತೆ ಎಂದು ಅವ್ವ ನರಳುವುದು ಮಗಳೊಬ್ಬಳಿಗೇ ಕೇಳುತ್ತಿತ್ತು. ಒಂದೇ ಬೇಸಿಗೆಯಲ್ಲಿ ಆಕೆ ಎಲುಬಿನ ಗೂಡಾಗಿದ್ದಳು. ಮಾವ ಏನೋ ಕುಡಿಸುತ್ತಿದ್ದಾನೆ. ಕಾಟಮ್ಮನಿಗೆ ಅದರಲ್ಲಿ ಸಂಶಯವೇ ಇರಲಿಲ್ಲ.

ಮೊಳಕಾಲ್ಮೂರಿನ ಡಾಕ್ಟರನ್ನು ಗಾಡಿಯಲ್ಲಿ ಕರೆತಂದವಳೂ ಅವಳೇ. ಅವರು ಜೋಗಮ್ಮನನ್ನು ಮಲಗಿಸಿ ಹೊಟ್ಟೆಯ ಎಡಭಾಗ ಒತ್ತಿದರು. ತೀರ್ಥವಿಲ್ಲ, ಗುಡಿಯಿಲ್ಲ. ಆದರೂ ಮುಖ ಬಿಳಿಚಿತು. ಡಾಕ್ಟರ ಬೆರಳಡಿ ನಾಡಿ ಹುಚ್ಚು ಕುದುರೆಯಾಯಿತು.

"ಕಾಟೀ..." ಎಂದಳು ಜೋಗಮ್ಮ. ಅಷ್ಟೇ. ಮತ್ತೆ ಉಸಿರಾಡಲಿಲ್ಲ.

"ಮಾವ ವಿಷ ಹಾಕ್ಯಾನೆ. ಕೊಯ್ದು ನೋಡ್ರಿ!" ಕಾಟಮ್ಮ ಡಾಕ್ಟರಿಗೆ ಚೀರಿ ಹೇಳಿದಳು.

ಅವ್ವನ ಹೆಣ ಕೊಯ್ಯಿಸುತ್ತಾಳೆಂದು ಊರು ಉಗಿಯಿತು. ಕಾಟಮ್ಮ ಬಾಗಿಲಿಗೆ ಅಡ್ಡ ನಿಂತು ಯಾರನ್ನೂ ಒಳಗೆ ಬಿಡಲಿಲ್ಲ.

ಸಂಜೆ ಡಾಕ್ಟರು ಕೈ ತೊಳೆದು ಹೊರಬಂದರು. "ವಿಷ ಇಲ್ಲಮ್ಮ. ಮೂತ್ರಪಿಂಡದ ನೆತ್ತಿಯ ಮೇಲೆ ನಿಂಬೆಹಣ್ಣಿನಷ್ಟು ಗಂಟು. ಬಾಗಿದಾಗ ಅದು ಅದುಮಿಕೊಳ್ತಿತ್ತು, ಎದೆ ಓಡ್ತಿತ್ತು. ಇಂಥದ್ದೊಂದು ಉಂಟೆಂದು ಮದರಾಸಿನಲ್ಲಿ ಓದುವಾಗ ಕೇಳಿದ್ದೆ, ನಂಬಿರಲಿಲ್ಲ." ಅವರ ದನಿ ಇಳಿಯಿತು. "ನಾನು ಒತ್ತಬಾರದಿತ್ತು."

ಕ್ಯಾತಪ್ಪ ಗೋಡೆಗೊರಗಿ ಬಿಕ್ಕುತ್ತಿದ್ದ. ಕಾಟಮ್ಮನಿಗೆ ಅವನ ಮುಖ ನೋಡಲಾಗಲಿಲ್ಲ.

"ತಪ್ಪಾಯ್ತು, ಮಾವ." ಆಮೇಲೆ ಅಂಗಳದ ತುಂಬ ನಿಂತವರ ಕಡೆ ತಿರುಗಿದಳು. "ಕೇಳಿದ್ರಾ? ಅಮ್ಮ ಅಲ್ಲ, ಗಂಟು. ನೀವು ಕೈ ಮುಗಿದದ್ದು ರೋಗಕ್ಕೆ."

ಒಬ್ಬೊಬ್ಬರೇ ತಲೆತಗ್ಗಿಸಿದರು.

ಅವಳು ಒಳಹೋಗಿ ಅವ್ವನ ಪಾದಕ್ಕೆ ಹಣೆ ಹಚ್ಚಲು ಬಾಗಿದಳು. ಎದೆ ಗಕ್ಕನೆ ಓಟ ಕಿತ್ತಿತು. ಹಿಂದೆಯೂ ಒಂದೆರಡು ಸಲ ಹೀಗಾಗಿತ್ತು, ಬಿಸಿಲಿನ ತಾಪ ಎಂದುಕೊಂಡಿದ್ದಳು. ಮೈಯೆಲ್ಲ ತಣ್ಣನೆಯ ಬೆವರು. ಡಾಕ್ಟರನ್ನು ಕೂಗಬೇಕೆಂದುಕೊಂಡಳು, ಹಲ್ಲು ಕಟಕಟಿಸಿ ಮಾತು ಹೊರಡಲಿಲ್ಲ. ಡಾಕ್ಟರೇ ನುಗ್ಗಿ ಬಂದರು. ಜನ ಅವರ ರಟ್ಟೆ ಹಿಡಿದು ಹಿಂದಕ್ಕೆಳೆದರು.

"ಅಮ್ಮ ಮಗಳ ಮೈಮೇಲೆ ಬಂದ್ಲು!" ಎಂದು ಮೊದಲು ಅಡ್ಡಬಿದ್ದವನು ಕ್ಯಾತಪ್ಪ.