ಕೆಂಪು ಚುಕ್ಕೆ

"ಸಿಕ್ಕಿಬಿದ್ದೆಯಾ ಕಳ್ಳ!" ಎಂದ ಪ್ರೋಗ್ರಾಮರ್. ಆಸ್ಪತ್ರೆಯ ಟೋಕನ್ ತಂತ್ರಾಂಶದ ದೋಷವೊಂದು ಮೂರು ದಿನದಿಂದ ಅವನ ಜೀವ ಹಿಂಡಿತ್ತು. ಇಂದು ದೂರದ ಸರ್ವರ್‌ಗೆ ದೋಷ ಹುಡುಕುವ ಡಿಬಗರ್ ಜೋಡಿಸಿ, ಅನುಮಾನದ ಸಾಲಿನ ಮೇಲೆ ಕೋಡನ್ನು ತಡೆದು ನಿಲ್ಲಿಸುವ ಕೆಂಪು ಚುಕ್ಕೆ ಇಟ್ಟಿದ್ದ. ಜಾವಾ ಕೋಡು ಅಲ್ಲೇ ಬಂದು ನಿಂತಿತ್ತು.

ಅಷ್ಟರಲ್ಲಿ ಹೆಂಡತಿಯ ಫೋನು. "ರೀ, ಆಸ್ಪತ್ರೆ ಕೌಂಟರಲ್ಲಿ ಎಲ್ಲ ನಿಂತುಹೋಗಿದೆ. ಅತ್ತೆಗೆ ನಿಲ್ಲೋಕಾಗ್ತಿಲ್ಲ. ನಿಮ್ಮ ಆಫೀಸಿನ ಯಾವ ಪುಣ್ಯಾತ್ಮನ ಕೆಲಸ ಇದು?"

ಪರದೆ ನೋಡಿದ. ನಿಂತ ಸಾಲಿನ ಪಕ್ಕದಲ್ಲಿ ಅಮ್ಮನ ಹೆಸರಿತ್ತು. ಪರೀಕ್ಷೆಯ ಸರ್ವರ್ ಎಂದುಕೊಂಡು ಜನ ಬಳಸುವ ಸರ್ವರ್‌ಗೇ ಕೊಕ್ಕೆ ಹಾಕಿದ್ದ. ಇನ್ನೆರಡು ನಿಮಿಷ ಹಿಡಿದಿಟ್ಟರೆ ಕಳ್ಳನ ಮುಖ ಕಾಣುತ್ತಿತ್ತು. ಚುಕ್ಕೆ ಅಳಿಸಿ, ಕೋಡನ್ನು ಓಡಲು ಬಿಟ್ಟುಬಿಟ್ಟ.

"ಬಂತು ರೀ ಟೋಕನ್ನು. ಅವನು ಸಿಕ್ಕಿದ್ರೆ ಸರಿಯಾಗಿ ಉಗೀರಿ."

"ಆಗಲೇ ಉಗಿದಾಯ್ತು," ಎಂದ.