ನೀಲಾಂಬಿಕೆಯ ವೋಲ್ಟೇಜು

ಎಲ್ಲರ ಮೈಯಲ್ಲೂ ಕರೆಂಟು ಹರಿಯುವ ಕಾಲದಲ್ಲಿ ಬ್ಯಾಟರಿ ಸೆಲ್ಲು ಯಾರಿಗೆ ಬೇಕು? ರೇಡಿಯೋಗೆ ಒಬ್ಬರ ಹೆಬ್ಬೆರಳು ಸಾಕು, ಮಿಕ್ಸರ್‌ಗೆ ಇಬ್ಬರು ಕೈಕೈ ಹಿಡಿದು ನಿಲ್ಲಬೇಕು, ಅಷ್ಟೇ.

ಆದರೆ ಅಂದಾನಪ್ಪ ತಾನೇ ಕೂಡಿಸಿದ ರೇಡಿಯೋ ಅವನು ಒತ್ತಿದರೆ ಹಾಡುತ್ತಿತ್ತು. ಹೆಂಡತಿ ನೀಲಾಂಬಿಕೆ ಒತ್ತಿದರೆ ಫ್ಯೂಸು ಹಾರುತ್ತಿತ್ತು. ಮೀಟರಿನ ಕೆಂಪು, ಕಪ್ಪು ಕಡ್ಡಿಗಳನ್ನು ಇಬ್ಬರ ಬೆರಳಿಗೂ ಒಂದೊಂದು ಸಲ ಹಿಡಿದು ನೋಡಿದ. ಎಲ್ಲರಂತೆ ಅವನಿಗೆ ಒಂಬತ್ತು ವೋಲ್ಟು, ಅವಳಿಗೆ ಹದಿನೆಂಟು!

"ಈ ಮೀಟರ್‌ಗೆ ಏನ್ ಬಡದೈತೋ!" ಎಂದು ಗೊಣಗುತ್ತ ವೈರು ಬದಲಿಸಿದ, ಬೆಸುಗೆ ಕೆರೆದ, ಅವಳ ಕೈಯನ್ನೂ ತೊಳೆಸಿದ. ಮತ್ತೆ ಹದಿನೆಂಟೇ.

"ಮೀಟರ್ ಸರಿ ಐತ್ರಿ," ಎಂದಳು ನೀಲಾಂಬಿಕೆ. "ಮಿಕ್ಸರ್‌ಗೆ ಇಬ್ಬರು ನಿಂತ್ರ ಎಷ್ಟು ಬರತೈತಿ?"

"ಹದಿನೆಂಟು. ಆದ್ರ ನೀ ಒಬ್ಬಾಕಿ ಅದಿಯಲ್ಲ!"

"ಒಬ್ಬಾಕಿ ಇದ್ನಿ," ಎಂದು ಅವಳು ಅವನ ಕೈಯೆಳೆದು ಹೊಟ್ಟೆಯ ಮೇಲಿಟ್ಟುಕೊಂಡಳು.

ಮೀಟರಿನ ಕೆಂಪು ಕಡ್ಡಿ ಯಾವುದು, ಕಪ್ಪು ಯಾವುದು ಎಂಬುದೇ ಅಂದಾನಪ್ಪನಿಗೆ ಮರೆತುಹೋಯಿತು.