ಮೊದಲ ಇಸಿಜಿ

ಎದೆನೋವೆಂದು ನರಳುತ್ತಿದ್ದ ತಿಪ್ಪೇಶಪ್ಪನನ್ನು ಹೆಂಡತಿ ಹಾಲಮ್ಮ ಆಸ್ಪತ್ರೆಗೆ ಕರೆತಂದಳು. ಇಸಿಜಿಗೆಂದು ನರ್ಸ್ ಎದೆಗೆ ವೈರು ಅಂಟಿಸುವಾಗಲೂ ಅವನ ಬಾಯಿ ನಿಲ್ಲಲಿಲ್ಲ.

"ಇವಳ ಕಾಟಕ್ಕೇ ಹಿಂಗಾಗಿರೋದು. ಗುಣ ಆಗ್ಲಿ ತಡಿ, ಇನ್ನೊಂದು ಕೈನೂ ಮುರೀತೀನಿ."

ಮೂಳೆ ಸೊಟ್ಟಗೆ ಕೂಡಿಕೊಂಡಿದ್ದ ಎಡಗೈಯನ್ನು ಹಾಲಮ್ಮ ಸೆರಗಿನೊಳಗೆ ಎಳೆದುಕೊಂಡಳು.

ಡಾಕ್ಟರು ಅವಳೊಬ್ಬಳನ್ನೇ ಹೊರಗೆ ಕರೆದರು.

"ನೋಡಮ್ಮ, ಇಸಿಜಿ ನಾರ್ಮಲ್ ಬಂದಿದೆ. ಆದ್ರೆ ನಂಬೋ ಹಂಗಿಲ್ಲ. ಎಷ್ಟೋ ಹಾರ್ಟ್ ಅಟ್ಯಾಕು ಮೊದಲ ಇಸಿಜೀಲಿ ಕಾಣೋದೇ ಇಲ್ಲ. ಇಲ್ಲೇ ಇರಲಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೀತೀನಿ. ಈಗ ಕರ್ಕೊಂಡು ಹೋದ್ರೆ ಜೀವಕ್ಕೇ ಅಪಾಯ."

"ಆಯ್ತು ಸಾರ್" ಎಂದು ಅವಳು ಒಳಗೆ ಬಂದಳು.

"ಏನಂದ್ನೇ ಆ ಡಾಕ್ಟ್ರು?"

ಗಂಡನ ಅಂಗಿಯ ಗುಂಡಿಗಳನ್ನು ಹಾಕುತ್ತ ಹಾಲಮ್ಮ ಹೇಳಿದಳು: "ಎಲ್ಲಾ ನಾರ್ಮಲ್ ಅಂತೆ. ಏಳಿ, ಮನೆಗೆ ಹೋಗೋಣ."